ಮಕ್ಕಳ ಕೊರಳೆಲುಬು: ಒಂದು ಕಟ್ಟಿನ ಚರಿತ್ರೆ

ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ ಸೈಕಲ್ ಕಲಿಯುವ ಹುಡುಗ ಹೆಗಲೂರಿ ಬೀಳುತ್ತಾನೆ. ಎದೆಯಿಂದ ಹೆಗಲಿಗೆ ಹೋಗುವ ಕೊರಳೆಲುಬು ಮುರಿಯುತ್ತದೆ. ಊರಿನಲ್ಲಾದರೆ ಅಜ್ಜಿ ಎಲುಬು ಕಟ್ಟುವವರ ಮನೆಗೆ ಕರೆದೊಯ್ಯುತ್ತಿದ್ದಳು; ಇಲ್ಲಿ ನೆರೆಯವರು 'ಹಾಡವೈದ್ಯ'ನ ವಿಳಾಸ ಕೊಡುತ್ತಾರೆ. ಎಲ್ಲಿಗೆ ಹೋಗಬೇಕೆಂಬ ಗೊಂದಲ ನಮ್ಮಲ್ಲಿ ಅನೇಕರಿಗೆ ಹೊಸದಲ್ಲವಾದುದರಿಂದ ಈ ಕಟ್ಟಿನ ಚರಿತ್ರೆಯನ್ನು ತುಸು ನೋಡೋಣ.

ಕ್ರಿ.ಪೂ. 1600ರ ಸುಮಾರಿಗೆ ಬರೆದ, ಎಡ್ವಿನ್ ಸ್ಮಿತ್ ಹೆಸರಿನ ಈಜಿಪ್ಟಿನ ವೈದ್ಯಗ್ರಂಥವು ರೋಗಿಯನ್ನು ಅಂಗಾತ ಮಲಗಿಸಿ, ಹೆಗಲುಗಳನ್ನು ಹಿಂದಕ್ಕೆ ಹರಡಿ, ಬಟ್ಟೆಯಿಂದ ಕಟ್ಟಲು ಹೇಳುತ್ತದೆ. ನಮ್ಮ ಸುಶ್ರುತಸಂಹಿತೆ ಈ ಎಲುಬನ್ನು 'ಅಕ್ಷಕ' ಎನ್ನುತ್ತದೆ. ಮುರಿದ ಎಲುಬಿಗೆ ಆಲ, ಅರಳಿ, ಅತ್ತಿಯ ತೊಗಟೆಯ ಆಸರೆ ಕೊಡುವುದನ್ನು ತಿಳಿಸಿ, ಎರಡು ಮುಖ್ಯ ಮಾತು ಹೇಳುತ್ತದೆ: ಎಳೆಯ ವಯಸ್ಸಿನಲ್ಲಿ ಒಂದು ತಿಂಗಳಿಗೆ ಮುರಿತ ಕೂಡುತ್ತದೆ, ಕಟ್ಟು ಸಡಿಲವಾದರೆ ನಿಲ್ಲದು, ಬಿಗಿಯಾದರೆ ಬಾವು, ನೋವು, ಕೀವು ಬರುತ್ತವೆ.

ಇಂದಿನ ವೈದ್ಯರೂ ಮಕ್ಕಳಿಗೆ ಮೂರರಿಂದ ಆರು ವಾರ ಎನ್ನುತ್ತಾರೆ. ಕಟ್ಟಿದವರ ಕೈಗುಣವೆಂದು ನಾವು ಹೊಗಳಿದ್ದರಲ್ಲಿ ಬಹುಪಾಲು ಎಳೆಯ ಎಲುಬಿನದೇ ಗುಣ! ಹೆರಿಗೆಯಲ್ಲಿ ಮುರಿದ ಕೂಸಿನ ಕೊರಳೆಲುಬಂತೂ ಇನ್ನೂ ಬೇಗ ಕೂಡುತ್ತದೆ.

ಆದರೆ ಈ ಎಲುಬಿನ ಹಿಂದೆಯೇ ತೋಳಿಗೆ ಹೋಗುವ ರಕ್ತನಾಳಗಳೂ ನರಗಳೂ ಇವೆ. 1850ರಲ್ಲಿ ಬ್ರಿಟನ್ನಿನ ಮಾಜಿ ಪ್ರಧಾನಿ ರಾಬರ್ಟ್ ಪೀಲ್ ಕುದುರೆಯಿಂದ ಬಿದ್ದು, ಕೊರಳೆಲುಬು ಮುರಿದು, ಮೂರೇ ದಿನಗಳಲ್ಲಿ ತೀರಿಕೊಂಡರು. ಒಳಗಿನ ರಕ್ತನಾಳ ಹರಿದಿರಬೇಕೆಂದು ಊಹಿಸಲಾಗಿದೆ. ಮಕ್ಕಳಲ್ಲಿ ಇಂಥದು ಅಪರೂಪ. ಆದರೂ ಎಚ್ಚರ ಬೇಕು.

1895ರಲ್ಲಿ ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದ ಮೇಲೆ ಮುರಿತ ಕಣ್ಣಿಗೆ ಕಾಣತೊಡಗಿತು. ಕಟ್ಟು ಮಾತ್ರ ಬಹುಕಾಲ ಹೆಗಲುಗಳನ್ನು ಹಿಂದಕ್ಕೆಳೆಯುವ 'ಎಂಟರ ಆಕಾರ'ದ ಪಟ್ಟಿಯೇ ಆಗಿತ್ತು. 1987ರಲ್ಲಿ ಡೆನ್ಮಾರ್ಕಿನ ವೈದ್ಯರು ಅದನ್ನು ಸಾದಾ ಜೋಲಿಯೊಡನೆ ಹೋಲಿಸಿದಾಗ ಎಲುಬು ಕೂಡುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಜೋಲಿಯಲ್ಲಿ ತೊಂದರೆ ಕಡಿಮೆ. ಈಗ ಮಕ್ಕಳಿಗೂ ಸಾಮಾನ್ಯವಾಗಿ ಜೋಲಿಯೇ ಸಾಕು.

ಕೆಲವು ವಾರಗಳಲ್ಲಿ ಅಲ್ಲೊಂದು ಗಂಟು ಏಳುತ್ತದೆ. ತಾಯಂದಿರು ಗಾಬರಿಪಡಬೇಕಿಲ್ಲ, ಅದು ಹೊಸ ಎಲುಬು, ತಿಂಗಳುಗಳಲ್ಲಿ ತಾನೇ ಕರಗುತ್ತದೆ. ಅದನ್ನು ಎಣ್ಣೆ ಹಚ್ಚಿ ತಿಕ್ಕುವುದಾಗಲಿ, ಬಿಗಿದು ಕಟ್ಟುವುದಾಗಲಿ ಸಲ್ಲದು. ಆದರೆ ಕೈ ತಣ್ಣಗಾದರೆ, ಬಿಳಿಚಿದರೆ, ಜೋಮು ಹಿಡಿದರೆ, ಚರ್ಮ ಚೂಪಾಗಿ ಉಬ್ಬಿದರೆ, ಉಸಿರಾಟಕ್ಕೋ ನುಂಗುವುದಕ್ಕೋ ಕಷ್ಟವಾದರೆ, ನೆರೆಯವರ ಸಲಹೆಗೆ ಕಾಯದೆ ಬಾಂದ್ರಾದ ಭಾಭಾ ಆಸ್ಪತ್ರೆಗೋ, ಹತ್ತಿರದ ಬೇರೆ ಆಸ್ಪತ್ರೆಗೋ ಆ ಗಳಿಗೆಯಲ್ಲೇ ಹೊರಡಬೇಕು. ಬಿಗಿ ಬೇಡವೆಂದ ಸುಶ್ರುತನ ಮಾತನ್ನು ನಾವು ಮರೆಯದಿದ್ದರೆ ಸಾಕು.