ಋತುಬಂಧ, ವ್ಯಾಯಾಮ, ಹೃದಯ: ಸಂಶೋಧನೆ ನಡೆದು ಬಂದ ದಾರಿ

ಮೈ ದಣಿಸುವ ಕೆಲಸ ಹೃದಯವನ್ನು ಕಾಯುತ್ತದೆ ಎಂಬುದಕ್ಕೆ ಮೊದಮೊದಲ ಗಟ್ಟಿ ಪುರಾವೆ ಸಿಕ್ಕಿದ್ದು ಲಂಡನ್ನಿನ ಬಸ್ಸುಗಳಲ್ಲಿ. ದಿನವಿಡೀ ಕೂತಿರುವ ಚಾಲಕರಿಗಿಂತ, ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ ಎಂದು ಜೆರ್ರಿ ಮಾರಿಸ್ 1953ರಲ್ಲಿ ತೋರಿಸಿದರು. ಆ ಅಧ್ಯಯನದಲ್ಲಿದ್ದವರೆಲ್ಲ ಗಂಡಸರು. ಹೆಂಗಸರ ಸರದಿ ಬಹಳ ತಡವಾಗಿ ಬಂತು. ವಯಸ್ಸು ಒಂದೇ ಆದರೂ ಮುಟ್ಟು ನಿಂತವರಲ್ಲಿ ಹೃದ್ರೋಗ ಹೆಚ್ಚು ಎಂದು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನ 1976ರಲ್ಲಿ ಹೇಳಿತು.

ಹಾಗಾದರೆ ಮುಟ್ಟು ನಿಂತಾಗ ಕಡಿಮೆಯಾಗುವ ಈಸ್ಟ್ರೋಜನ್ ಹಾರ್ಮೋನನ್ನು ಮಾತ್ರೆಯಲ್ಲಿ ಕೊಟ್ಟರಾಯಿತು ಎಂದು ವೈದ್ಯಲೋಕ ನಂಬಿತು. 2002ರ ಜುಲೈಯಲ್ಲಿ ಆ ನಂಬಿಕೆಗೆ ಪೆಟ್ಟು ಬಿತ್ತು. ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಯೋಜನೆ 16,608 ಮಹಿಳೆಯರಲ್ಲಿ ನಡೆಸುತ್ತಿದ್ದ ಜೋಡಿ ಹಾರ್ಮೋನ್ (ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್) ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹೃದಯಕ್ಕೆ ರಕ್ಷಣೆ ಸಿಗಲಿಲ್ಲ, ಪಾರ್ಶ್ವವಾಯು, ಸ್ತನ ಕ್ಯಾನ್ಸರ್ ಹೆಚ್ಚಿದ್ದವು. ಅದೇ ವರ್ಷ, ಅದೇ ಯೋಜನೆಯಲ್ಲಿ 73,743 ಮಹಿಳೆಯರನ್ನು ಗಮನಿಸಿದ ಜೋಆನ್ ಮ್ಯಾನ್ಸನ್ ತಂಡ, ಬಿರುಸಿನ ನಡಿಗೆಯೂ ಕಠಿಣ ವ್ಯಾಯಾಮದಷ್ಟೇ ಹೃದ್ರೋಗದ ಅಪಾಯ ತಗ್ಗಿಸುವುದನ್ನು ಕಂಡಿತು. ಮನೆಮನೆಗೆ ತಲುಪಬೇಕಿದ್ದ ಸುದ್ದಿ ಅದು.

ಎಷ್ಟು ನಡೆದರೆ ಸಾಕು? 2007ರ ‘ಡ್ರೂ’ ಪ್ರಯೋಗದಲ್ಲಿ, ಋತುಬಂಧ ದಾಟಿದ, ತೂಕ ಹೆಚ್ಚಿದ್ದ 464 ಮಹಿಳೆಯರು ಆರು ತಿಂಗಳು ಪಾಲ್ಗೊಂಡರು. ವಾರಕ್ಕೆ ಸುಮಾರು 72 ನಿಮಿಷ ಮಾತ್ರ ವ್ಯಾಯಾಮ ಮಾಡಿದವರಲ್ಲೂ ದೇಹದ ಕ್ಷಮತೆ ಏರಿತು. ರಕ್ತದೊತ್ತಡ ಮಾತ್ರ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ.

ನಿಜವಾದ ಒಗಟು ಎದುರಾದದ್ದು ರಕ್ತನಾಳದ ಒಳಪದರದಲ್ಲಿ. ಆ ಪದರದ ಆರೋಗ್ಯ ಅಳೆಯುವ ಪರೀಕ್ಷೆ ಸರಳ: ಮುಂಗೈಗೆ ಬಿ.ಪಿ. ಪಟ್ಟಿ ಬಿಗಿದು ಐದು ನಿಮಿಷ ರಕ್ತ ತಡೆಯುತ್ತಾರೆ, ಒಮ್ಮೆಲೇ ಸಡಿಲಿಸುತ್ತಾರೆ. ನುಗ್ಗುವ ರಕ್ತಕ್ಕೆ ನಾಳ ಎಷ್ಟು ಹಿಗ್ಗುತ್ತದೆ ಎಂದು ಅಲ್ಟ್ರಾಸೌಂಡಿನಲ್ಲಿ ನೋಡುತ್ತಾರೆ. ಆರೋಗ್ಯವಂತ ಒಳಪದರ ನೈಟ್ರಿಕ್ ಆಕ್ಸೈಡ್ ಸ್ರವಿಸಿ ನಾಳವನ್ನು ಅಗಲಿಸುತ್ತದೆ. ವಯಸ್ಸಾದ ಗಂಡಸರಲ್ಲಿ ಬರೀ ವ್ಯಾಯಾಮದಿಂದಲೇ ಈ ಹಿಗ್ಗುವಿಕೆ ಸುಧಾರಿಸುತ್ತಿತ್ತು. ಆದರೆ ಕೊಲೊರಾಡೊದ ಕೆರ್ರಿ ಮೊರೊ ತಂಡದ 2013ರ ಪ್ರಯೋಗದಲ್ಲಿ, 12 ವಾರ ತರಬೇತಿ ಪಡೆದ, ಋತುಬಂಧ ದಾಟಿದ ಮಹಿಳೆಯರ ಪೈಕಿ ಈಸ್ಟ್ರೋಜನ್ ಸಿಕ್ಕವರಿಗೆ ಮಾತ್ರ ಆ ಲಾಭ ದಕ್ಕಿತು. ಗಂಡಸರ ಲೆಕ್ಕವನ್ನು ಹೆಂಗಸರಿಗೆ ಹಾಗೇ ಅನ್ವಯಿಸಲಾಗದು ಎಂಬುದಕ್ಕೆ ಇದೊಂದು ಸುಳಿವು.

ಅಲ್ಲಿಂದ ಪ್ರಶ್ನೆ ‘ವ್ಯಾಯಾಮ ಯಾವಾಗ ಶುರುಮಾಡಬೇಕು’ ಎಂಬುದಕ್ಕೆ ತಿರುಗಿತು. ಋತುಬಂಧವಾಗಿ ಹೆಚ್ಚು ಕಾಲವಾಗದವರೂ ಮೂರು ತಿಂಗಳ ತೀವ್ರ ತರಬೇತಿಯಿಂದ ಮುಟ್ಟಾಗುತ್ತಿರುವವರಷ್ಟೇ ಲಾಭ ಪಡೆಯುತ್ತಾರೆ ಎಂದು ಕೋಪನ್‌ಹೇಗನ್ ಸಂಶೋಧಕರು 2017ರಲ್ಲಿ ವರದಿ ಮಾಡಿದರು. ಋತುಬಂಧಕ್ಕೆ ಹೊರಳುವ ವರ್ಷಗಳಲ್ಲೇ ಎಚ್ಚರ ಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2020ರಲ್ಲಿ ಹೇಳಿತು.

ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47ರಲ್ಲೇ ಮುಟ್ಟು ನಿಲ್ಲುತ್ತದೆ, ಪಶ್ಚಿಮದವರಿಗಿಂತ ನಾಲ್ಕೈದು ವರ್ಷ ಮೊದಲೇ. ಆದ್ದರಿಂದ ನಲವತ್ತು ದಾಟಿದ ಅಕ್ಕತಂಗಿಯರೇ, ವಾರಕ್ಕೆ 150 ನಿಮಿಷದ ಚುರುಕು ನಡಿಗೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಮುಟ್ಟು ನಿಲ್ಲುವ ಮುಂಚೆಯೇ ಶುರುಮಾಡಿ.