ಅಕ್ಷರಕ್ಕಾಗಿ ಹುಟ್ಟಿದ ಕಾರ್ಡು

ಹೋದ ತಿಂಗಳು ಕಾಪುವಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣ, ಮೂವತ್ತು ಸಾವಿರ ಒಟ್ಟು ಮಾಡಿದ್ದೇನೆ. ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ?" ಅಂದ. ಅವನು ತಾಳಮದ್ದಳೆಯ ವಿಡಿಯೊ ಮಾಡುವವ. ಗೇಮ್ ಆಡ್ಲಿಕ್ಕಾ ಅಂತ ಕೇಳಿದೆ. "ಅಲ್ಲ ಅಣ್ಣ, ಅಪ್ಪನಿಗೆ" ಅಂದ.

ಚಿಕ್ಕಪ್ಪನಿಗೆ ಎರಡು ವರ್ಷದಿಂದ ಕಿವಿ ಸರಿಯಾಗಿ ಕೇಳುವುದಿಲ್ಲ. ಚೆಂಡೆ ಕೇಳುತ್ತದೆ, ಅರ್ಥಗಾರಿಕೆ ಕೇಳುವುದಿಲ್ಲ. ತಾಳಮದ್ದಳೆಯಲ್ಲಿ ಮಾತೇ ಹೋದರೆ ಮತ್ತೆ ಉಳಿಯುವುದು ಎಂತ? ವಿಡಿಯೊದ ಕೆಳಗೆ ಆ ಮಾತು ಕನ್ನಡ ಅಕ್ಷರದಲ್ಲಿ ಬರಬೇಕು ಎನ್ನುವುದು ತಮ್ಮನ ಆಸೆ. ಮಾತು ಕೇಳಿ ಬರೆದುಕೊಡುವ ತಂತ್ರಾಂಶ ಈಗ ಮನೆಯ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಆದರೆ ಅದಕ್ಕೆ ಒಳ್ಳೆಯ ಕಾರ್ಡು ಬೇಕು.

ನಾನು ಬಿ.ಕಾಂ. ಓದಿದವ, ಇಂಜಿನಿಯರ್ ಅಲ್ಲ. ಏನಾದರೂ ಕೊಳ್ಳುವ ಮೊದಲು ಅದರ ಹಿಂದಿನ ಕತೆ ಹುಡುಕುವುದು ನನ್ನ ಅಭ್ಯಾಸ. ಈ ಸಲ ಹುಡುಕಿದಾಗ ಸಿಕ್ಕಿದ್ದು ನನಗೇ ಆಶ್ಚರ್ಯ ತಂದಿತು. ನಾವು ಆಟದ ಸಾಮಾನು ಅಂದುಕೊಂಡ ಈ ಕಾರ್ಡಿನ ಚರಿತ್ರೆಯಲ್ಲಿ ಒಂದು ದೊಡ್ಡ ಪಾಲು ಅಕ್ಷರದ್ದು.

1981ರಲ್ಲಿ ಐಬಿಎಂ ಪಿಸಿ ಬಂದಾಗ ಅದಕ್ಕೆ ಎರಡು ಬಗೆಯ ಕಾರ್ಡುಗಳಿದ್ದವು. ಒಂದರಲ್ಲಿ ಅಕ್ಷರ ಸ್ಪಷ್ಟ, ಆದರೆ ಕಾರ್ಖಾನೆಯಲ್ಲೇ ತುಂಬಿಸಿಟ್ಟ 256 ಚಿಹ್ನೆ ಬಿಟ್ಟು ಬೇರೇನೂ ಮೂಡುತ್ತಿರಲಿಲ್ಲ. ಇನ್ನೊಂದರಲ್ಲಿ ಚಿತ್ರ ಬಿಡಿಸಬಹುದಿತ್ತು, ಆದರೆ ಚುಕ್ಕಿಗಳು ಒರಟು. ಥಾಯ್ಲೆಂಡಿನ ವಾನ್ ಸುವನ್ನುಕುಲ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ತನ್ನ ಪ್ರಬಂಧಕ್ಕಾಗಿ ಥಾಯ್ ಲಿಪಿ ಬೇಕಿತ್ತು. ಎರಡು ಕಾರ್ಡಿನಲ್ಲೂ ಅದು ಸರಿಯಾಗಿ ಬರಲಿಲ್ಲ. ಆತ ತಾನೇ ಒಂದು ಕಾರ್ಡು ಮಾಡಿದ. 720 ಅಡ್ಡ ಚುಕ್ಕಿ, 348 ಉದ್ದ ಚುಕ್ಕಿ. 1982ರಲ್ಲಿ ಹುಟ್ಟಿದ ಆ ಹರ್ಕ್ಯುಲಿಸ್ ಕಾರ್ಡು ಮುಂದೆ ಲೋಕವಿಡೀ ಮಾರಾಟವಾಯಿತು.

ನಮ್ಮ ಕನ್ನಡದ್ದೂ ಅದೇ ಪಾಡು. ಒತ್ತಕ್ಷರ, ಕೊಂಬು, ದೀರ್ಘ ಎಲ್ಲ 256 ಚಿಹ್ನೆಯ ಚೌಕಟ್ಟಿನಲ್ಲಿ ಎಲ್ಲಿ ಕೂರಬೇಕು? ಇದಕ್ಕೆ ಐಐಟಿ ಕಾನ್ಪುರದಲ್ಲಿ ಶುರುವಾಗಿ, ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಪರಿಹಾರ ಜಿಸ್ಟ್ ಕಾರ್ಡು. ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಅದನ್ನು ಸ್ಲಾಟಿಗೆ ಸಿಕ್ಕಿಸಿದರೆ, ಇಂಗ್ಲಿಷಿಗೆಂದು ಬರೆದ ಡಾಸ್ ಕಾಲದ ತಂತ್ರಾಂಶದಲ್ಲೂ ಭಾರತೀಯ ಲಿಪಿ ಮೂಡುತ್ತಿತ್ತು. ಅಂದರೆ ಪರದೆಯ ಮೇಲೆ ನಮ್ಮ ಅಕ್ಷರ ನೋಡಬೇಕಾದರೆ ಬೇರೆಯೇ ಒಂದು ಯಂತ್ರಭಾಗಕ್ಕೆ ದುಡ್ಡು ಕೊಡಬೇಕಿತ್ತು.

ಆ ಖರ್ಚು ತಪ್ಪಿಸಿದವರಲ್ಲಿ ನಮ್ಮ ಕರಾವಳಿಯವರೂ ಇದ್ದಾರೆ. ಕಿನ್ನಿಕಂಬಳದಲ್ಲಿ ಹುಟ್ಟಿ, ಮುಂಬೈಯಲ್ಲಿ ದುಡಿದು, ಮಣಿಪಾಲದ ನಂಟು ಬೆಳೆಸಿಕೊಂಡ ಕೆ.ಪಿ. ರಾವ್ ಅವರು ಉಚ್ಚಾರಣೆಯ ತರ್ಕ ಹಿಡಿದು, ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡ ಬರೆಯುವ ವಿನ್ಯಾಸ ಮಾಡಿದರು. ಅದನ್ನು ಅಳವಡಿಸಿದ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದು ಹೆಸರಿಟ್ಟು ಉಚಿತವಾಗಿ ಹಂಚಿದರು. ಆ ಕೀಲಿಮಣೆಯೇ ಕೆಲವು ಬದಲಾವಣೆಯೊಂದಿಗೆ ಸರ್ಕಾರ ಒಪ್ಪಿದ ವಿನ್ಯಾಸವಾಯಿತು, 'ನುಡಿ'ಯಲ್ಲಿ ಬಂತು. 2001ರ ವಿಂಡೋಸ್ ಎಕ್ಸ್‌ಪಿ ಹೊತ್ತಿಗೆ ಕನ್ನಡ ಕಂಪ್ಯೂಟರಿನೊಳಗೇ ಸೇರಿತು. ಜಿಸ್ಟ್ ಕಾರ್ಡಿನ ಕೆಲಸ ಮುಗಿಯಿತು.

ಇದರಿಂದ ನಾನು ಕಲಿತದ್ದು ಒಂದೇ. ಕಾರ್ಡು ಕೊಳ್ಳುವುದು ಒಂದು ಕೆಲಸಕ್ಕೆ. ಆ ಕೆಲಸ ಯಾವುದು ಎಂದು ಗೊತ್ತಿದ್ದರೆ ಮಾತ್ರ ಅದರ ಬೆಲೆ ಸರಿಯೋ ತಪ್ಪೋ ಎಂದು ಹೇಳಬಹುದು. 'ಮುಂದೆ ಬೇಕಾದೀತು' ಎಂದು ಕೊಂಡದ್ದು ಮುಂದೆ ಬೇಡವೇ ಆಗಬಹುದು.

ಆದರೆ ಅಂಗಡಿಯವರು ಮಾತಾಡುವುದು ಕೆಲಸದ ಲೆಕ್ಕದಲ್ಲಿ ಅಲ್ಲ, 'ಮಧ್ಯಮ ದರ್ಜೆ' ಎಂಬ ಲೆಕ್ಕದಲ್ಲಿ. ಈ ದರ್ಜೆಯ ಚರಿತ್ರೆಯನ್ನೂ ಸ್ವಲ್ಪ ನೋಡಿ. ಎನ್‌ವಿಡಿಯಾದಲ್ಲಿ ಹೆಸರಿನ ಕೊನೆಗೆ 60 ಬಂದರೆ ಮಧ್ಯಮ ದರ್ಜೆ ಎನ್ನುವುದು ರೂಢಿ. 2016ರಲ್ಲಿ ಜಿಟಿಎಕ್ಸ್ 1060 ಅಮೆರಿಕದಲ್ಲಿ 249 ಡಾಲರಿಗೆ ಬಂತು, 6 ಜಿಬಿ ಮೆಮೊರಿ. 2019ರಲ್ಲಿ ಆರ್‌ಟಿಎಕ್ಸ್ 2060ಕ್ಕೆ 349 ಡಾಲರ್. ಮೆಮೊರಿ ಅದೇ 6 ಜಿಬಿ, ಬೆಲೆ ಶೇ. 40 ಜಾಸ್ತಿ. 2021ರ 3060ಕ್ಕೆ 329 ಡಾಲರ್, ಮೆಮೊರಿ 12 ಜಿಬಿ. 2023ರ 4060ಕ್ಕೆ 299 ಡಾಲರ್, ಮೆಮೊರಿ ಮತ್ತೆ 8 ಜಿಬಿಗೆ ಇಳಿಯಿತು. 2025ರ 5060ರಲ್ಲೂ 8 ಜಿಬಿಯೇ. ವೇಗ ಏರುತ್ತಾ ಹೋಯಿತು, ಮೆಮೊರಿ ಒಮ್ಮೆ ಏರಿ ಇಳಿಯಿತು. ಹೆಸರು ಮಾತ್ರ ಒಂದೇ. ನಮ್ಮಲ್ಲಿ ಈ ಬೆಲೆಯ ಮೇಲೆ ಶೇ. 18 ಜಿಎಸ್‌ಟಿಯೂ ಸೇರುತ್ತದೆ.

ಈಗ ತಮ್ಮನ ಕೆಲಸಕ್ಕೆ ಬರುವ. 'ವಿಸ್ಪರ್' ಎಂಬ ತಂತ್ರಾಂಶ 2022ರಲ್ಲಿ ಮುಕ್ತವಾಗಿ ಬಂತು. ಕನ್ನಡವೂ ಅದಕ್ಕೆ ಅಲ್ಪಸ್ವಲ್ಪ ಬರುತ್ತದೆ. ಅದರ ದೊಡ್ಡ ಮಾದರಿ ಮೂಲ ರೂಪದಲ್ಲಿ ನಡೆಯಲು ಕಾರ್ಡಿನಲ್ಲಿ ಸುಮಾರು 10 ಜಿಬಿ ಮೆಮೊರಿ ಬೇಕು. ಇಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಹೊಸ 8 ಜಿಬಿ ಕಾರ್ಡು ಆಟದಲ್ಲಿ ಎಷ್ಟೇ ಚುರುಕಾಗಿರಲಿ, ಈ ಕೆಲಸಕ್ಕೆ ಸಾಲದು. ಇಂಟೆಲ್‌ನ ಬಿ580ರಲ್ಲಿ 12 ಜಿಬಿ ಉಂಟು, ಬೆಲೆಯೂ ಹಿಡಿತದಲ್ಲಿ ಉಂಟು. ಆದರೆ ತಮ್ಮನ ಮದರ್‌ಬೋರ್ಡ್ ಹಳೆಯದು, ಆ ಕಾರ್ಡಿನ ಪೂರ್ತಿ ಶಕ್ತಿ ಹಳೆಯ ಬೋರ್ಡಿನಲ್ಲಿ ಸಿಗುವುದಿಲ್ಲ. ಉಳಿದದ್ದು ಹಳೆಯ 3060, 12 ಜಿಬಿಯದ್ದು.

ಕಾರ್ಕಳದ ಗೆಳೆಯನೊಬ್ಬ ಅದನ್ನೇ ಮಾರಲಿಕ್ಕೆ ಇಟ್ಟಿದ್ದ. ಸೆಕೆಂಡ್ ಹ್ಯಾಂಡ್ ಅಂದರೆ ಹೆದರಿಕೆ ಸಹಜ. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ನಾಣ್ಯಕ್ಕೆ ಕಾರ್ಡಿನ ದುಡಿಮೆ ಬೇಡವಾಯಿತು. ಅದುವರೆಗೆ ಹಗಲೂರಾತ್ರಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದು ಬಿದ್ದವು. ಹಾಗಾಗಿ ಮೊದಲು ಬಿಲ್ ನೋಡಿದೆವು. ಫ್ಯಾನ್ ತಿರುಗಿಸಿ ನೋಡಿದೆವು. ಅವನ ಮನೆಯಲ್ಲೇ ಒಂದು ಗಂಟೆ ಪೂರ್ತಿ ಭಾರ ಹಾಕಿ ಓಡಿಸಿದೆವು. ಕಡಲ ಬದಿಯ ಉಪ್ಪುಗಾಳಿಗೆ ಲೋಹದ ಪಟ್ಟಿ ತುಕ್ಕು ಹಿಡಿಯುತ್ತದೆ, ಅದನ್ನೂ ನೋಡಿದೆವು. ಕಾರ್ಕಳದ ಕಾರ್ಡು ಶುಭ್ರ ಇತ್ತು.

ಮತ್ತೊಂದು ಲೆಕ್ಕ ಬಾಕಿ ಇತ್ತು. 3060ಕ್ಕೆ 170 ವಾಟ್ ಬೇಕು, ಕಂಪನಿ ಹೇಳುವುದು 550 ವಾಟಿನ ಎಸ್‌ಎಂಪಿಎಸ್. ತಮ್ಮನ ಹತ್ತಿರ ಇದ್ದದ್ದು 450 ವಾಟಿನ ಹಳೆಯದು. ಮಳೆಗಾಲದ ಗುಡುಗು ಮಿಂಚಿನಲ್ಲಿ ಅದನ್ನು ನಂಬುವುದು ಬೇಡ ಅಂದೆ. ಹೊಸ ಕಾರ್ಡು ಬಿಟ್ಟು ಹಳೆಯದು ಕೊಂಡದ್ದರಿಂದ ಉಳಿದ ದುಡ್ಡು ಎಸ್‌ಎಂಪಿಎಸ್‌ಗೂ ರ್‍ಯಾಮಿಗೂ ಸಾಕಾಯಿತು.

ಮೊದಲ ವಿಡಿಯೊಗೆ ಅದು ಬರೆದುಕೊಟ್ಟ ಕನ್ನಡ ನೋಡಿ ನಗು ಬಂತು. ಅರ್ಥಧಾರಿಯ ಸಂಸ್ಕೃತ ಪದ ಬಂದಲ್ಲೆಲ್ಲ ಮುಗ್ಗರಿಸಿತ್ತು. ತಮ್ಮ ಮೂರು ರಾತ್ರಿ ಕೂತು ಕೈಯಾರೆ ತಿದ್ದಿದ. ತಿದ್ದಿದ್ದು ಯಾವ ಕೀಲಿಮಣೆಯಲ್ಲಿ ಅಂತೀರಿ? ಕೆ.ಪಿ. ರಾವ್ ಅವರ ವಿನ್ಯಾಸದಲ್ಲೇ.

ಆಮೇಲೆ ಚಿಕ್ಕಪ್ಪನ ಎದುರು ವಿಡಿಯೊ ಹಾಕಿದೆವು. ಹತ್ತು ನಿಮಿಷ ಮಾತಿಲ್ಲದೆ ಓದಿದರು. ಮತ್ತೆ ಪರದೆಗೆ ಬೆರಳು ತೋರಿಸಿ, "ಇಲ್ಲಿ ತಪ್ಪುಂಟು. ಕೃಷ್ಣ ಹಾಗೆ ಹೇಳುವುದಲ್ಲ" ಅಂದರು. ತಮ್ಮ ಪೆನ್ನು ಹಿಡಿದು ಪಕ್ಕದಲ್ಲಿ ಕೂತ. ಈಗ ಪ್ರತಿ ಆದಿತ್ಯವಾರ ಇಬ್ಬರೂ ಸೇರಿ ತಿದ್ದುತ್ತಾರೆ.

ನೀವೂ ಕಾರ್ಡು ಕೊಳ್ಳುವವರಾದರೆ ಅಂಗಡಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ನಿಮ್ಮ ಕೆಲಸ ಏನು ಎಂದು ಬರೆದುಕೊಳ್ಳಿ ಮಾರ್ರೆ. ಮುಂದಿನ ವಾರ ಸಿಗುವ.