ಸವಣೂರು ನವಾಬ ಯಾರ ಕಡೆಯವನು?

ಹೋದ ವಾರ ಮತ್ತೊಮ್ಮೆ ‘ಆ ದಿನಗಳು’ ನೋಡಿದೆ. 2007ರ ಸಿನಿಮಾ, ಕೆ.ಎಂ. ಚೈತನ್ಯ ನಿರ್ದೇಶನ, ಅಗ್ನಿ ಶ್ರೀಧರ್ ಬರಹದಿಂದ ಹುಟ್ಟಿದ್ದು. ಬೆಂಗಳೂರಲ್ಲಿ ಇಬ್ಬರು ಡಾನ್‌ಗಳು: ಜಯರಾಜ್, ಕೊತ್ವಾಲ್ ರಾಮಚಂದ್ರ. ನನಗೆ ಲಾಂಗು ಮಚ್ಚಿಗಿಂತ ಹೆದರಿಕೆ ಹುಟ್ಟಿಸೋದು ಬೇರೆ. ಕೊತ್ವಾಲ್ ತನ್ನವರು ಅಂತ ನಂಬಿ ಯಾರ ನಡುವೆ ಇರ್ತಾನೋ, ಅವರೇ ಅವನನ್ನು ಮುಗಿಸೋ ಸಂಚು ಮಾಡ್ತಿರ್ತಾರೆ.

ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಕಡೆಯ ಕೇಳುಗರೇ, ಇಂಥ ಕಥೆಗೆ ಬೆಂಗಳೂರೇ ಆಗಬೇಕಂತಿಲ್ಲ. ನಮ್ಮ ಸವಣೂರಲ್ಲಿ 18ನೇ ಶತಮಾನದಲ್ಲೇ ನಡೆದಿದೆ.

ಆಗ ನವಾಬ ಅಬ್ದುಲ್ ಹಕೀಂ ಖಾನ್. ಒಂದು ಕಡೆ ಪುಣೆಯ ಪೇಶ್ವೆ, ಇನ್ನೊಂದು ಕಡೆ ಹೈದರಾಬಾದಿನ ನಿಜಾಮ. ಪೇಶ್ವೆಯ ಗಾರ್ದಿ ಪಡೆಯ, ಅಂದ್ರೆ ಬಂದೂಕು ಹಿಡಿದ ಕಾಲಾಳುಗಳ, ಸರದಾರ ಮುಜಫರ್ ಖಾನ್ ಅಲ್ಲಿ ಕೆಲಸ ಬಿಟ್ಟು ಸವಣೂರಿಗೆ ಬಂದ. ಅವನನ್ನು ಒಪ್ಪಿಸು ಅಂದ ಪೇಶ್ವೆ. ನವಾಬ ಒಲ್ಲೆ ಅಂದ. 1756ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾವ್, ಸಲಾಬತ್ ಜಂಗ್, ಜೊತೆಗೆ ಫ್ರೆಂಚ್ ಸೇನಾಪತಿ ಬುಸ್ಸಿಯ ಫಿರಂಗಿಗಳು, ಎಲ್ಲಾ ಸೇರಿ ಊರಿಗೆ ಮುತ್ತಿಗೆ ಹಾಕಿದ್ರು. ನವಾಬನ ಜೊತೆಗಿದ್ದ ಗುತ್ತಿಯ ಮುರಾರಿರಾವ್ ತನ್ನ ಪಾಡಿಗೆ ರಾಜಿ ಮಾಡ್ಕೊಂಡ. ನವಾಬ ಸೀಮೆ ಕಳ್ಕೊಂಡ, ಮೇಲೆ ದಂಡ ಬೇರೆ. ಮುಜಫರ್ ಏನಾದ? ವಾಪಸ್ ಪೇಶ್ವೆಯ ಚಾಕರಿಗೇ ಹೋದ! 1759ರಲ್ಲಿ ಸದಾಶಿವರಾವ್ ಭಾವೂನ ಕೊಲೆಗೆ ಸಂಚು ಮಾಡಿ ಸಿಕ್ಕಿಬಿದ್ದು ಮರಣದಂಡನೆಗೆ ಗುರಿಯಾದ.

ಆಮೇಲೆ ದಕ್ಷಿಣದಿಂದ ಹೈದರ್ ಅಲಿ ಬಂದ. 1764ರಲ್ಲಿ ರಟ್ಟೀಹಳ್ಳಿ ಹತ್ತಿರ ಮಾಧವರಾವ್ ಪೇಶ್ವೆ ಕೈಲಿ ಸೋತರೂ, ಈ ಸೀಮೆ ಬಿಡಲಿಲ್ಲ. ಕೊನೆಗೆ 1779ರಲ್ಲಿ ಬೀಗತನ: ಹೈದರನ ಮಗಳು ನವಾಬನ ಸೊಸೆ, ನವಾಬನ ಮಗಳು ಹೈದರನ ಸೊಸೆ. ಜೊತೆಗೊಂದು ಕರಾರು, ಮೈಸೂರಿಗೆ ಕುದುರೆ ಸವಾರರನ್ನು ಒದಗಿಸಬೇಕು. ಬೀಗತನದಲ್ಲೂ ಬಾಕಿ ವಸೂಲಿ! ಟಿಪ್ಪು ಬಂದವನು ಆ ಬಾಕಿಯನ್ನೇ ಕೇಳಿದ. ನವಾಬ ಮರಾಠರ ಕಡೆ ಹೋದ. 1786ರಲ್ಲಿ ಟಿಪ್ಪು ಸವಣೂರು ಹಿಡಿದ.

ಈ ನವಾಬನನ್ನು ದ್ರೋಹಿ ಅನ್ನೋದು ಸುಲಭ. ನನ್ನ ಬಿ.ಕಾಂ. ಬುದ್ಧಿಗೆ ಲೆಕ್ಕ ಬೇರೆ ಕಾಣುತ್ತೆ. ಆದಾಯ ಒಂದೇ, ಹಫ್ತಾ ಕೇಳೋರು ಇಬ್ಬರು. ಇವತ್ತು ಒಬ್ಬನಿಗೆ ಕೊಟ್ಟರೆ ನಾಳೆ ಇನ್ನೊಬ್ಬ ಬಾಗಿಲಿಗೆ ಬರ್ತಾನೆ. ಆ ದುಡ್ಡು ನವಾಬನ ಜೇಬಿಂದಲ್ಲ, ನಮ್ಮ ಹೊಲಗಳಿಂದಲೇ ಹೋಗ್ತಿತ್ತು ಅನ್ನೋದೂ ನೆನಪಿರಲಿ. ಹಾಗಂತ ಅವನು ಮಾತು ಉಳಿಸಿಕೊಳ್ಳದವನೇ? 1756ರಲ್ಲಿ ನಂಬಿ ಬಂದವನನ್ನು ಬಿಟ್ಟುಕೊಡದೆ ನಿಂತ. ಅದರ ಬಿಲ್ ಕಟ್ಟಿದ್ದು ಅವನ ಊರು.

ಮುಂದೆ ಬ್ರಿಟಿಷರ ಕಾಲಕ್ಕೆ ಆ ದೊಡ್ಡ ಸೀಮೆಯಲ್ಲಿ ನವಾಬರಿಗೆ ಉಳಿದದ್ದು 25 ಹಳ್ಳಿ. 1948ರಲ್ಲಿ ಅವೂ ಭಾರತದಲ್ಲಿ ಸೇರಿದವು.